ಆಲ್ಜಿಬ್ರಾ 2ಕ್ಕೆ ಹೊರಟ ಮಗಳಿಗೊಂದು ಪತ್ರ

ಪುಟ್ಟೀ,

ಬೇಸಿಗೆ ರಜೆ ಮುಗಿದ ಮೇಲೆ ನೀನು ಸೇರುವ ಆಲ್ಜಿಬ್ರಾ 2 ಆನರ್ಸ್ ಕ್ಲಾಸಿನ ಬಗ್ಗೆ ಬರೆಯುತ್ತಿದ್ದೇನೆ. ಕನ್ನಡ ಓದುವಾಗ ನಿನ್ನ ವೇಗ ಕಡಿಮೆ, ಗೊತ್ತು. ಇರಲಿ, ಗಣಿತವನ್ನೂ ಅಷ್ಟೇ ನಿಧಾನವಾಗಿ ಓದಬೇಕು. ಪೆನ್ಸಿಲ್, ಹಾಳೆ ಪಕ್ಕದಲ್ಲಿಟ್ಟುಕೋ.

ಅಮೆರಿಕದ ಹೆಚ್ಚಿನ ಹೈಸ್ಕೂಲುಗಳಂತೆ ನಿನಗೂ ಆಲ್ಜಿಬ್ರಾ 1 ಆಗಿ ಒಂದಿಡೀ ವರ್ಷ ಜಾಮಿಟ್ರಿ ಆಯಿತು. ಆ ವರ್ಷ ತ್ರಿಕೋನ, ವೃತ್ತ ಚೆನ್ನಾಗಿ ಬಂದವು, ಫ್ಯಾಕ್ಟರಿಂಗ್ (ಅಪವರ್ತನಗಳಾಗಿ ಬಿಡಿಸುವುದು) ಮಾತ್ರ ತುಕ್ಕು ಹಿಡಿಯಿತು. ಶುರುವಿನಲ್ಲಿ ಟೀಚರ್ ಸ್ವಲ್ಪ ಪುನರಾವರ್ತನೆ ಮಾಡಿಸುತ್ತಾರೆ, ಆಮೇಲೆ ಇದೆಲ್ಲ ನಿನಗೆ ಬರುತ್ತದೆ ಅಂದುಕೊಂಡೇ ಮುಂದೆ ಹೋಗುತ್ತಾರೆ. ಆದ್ದರಿಂದ ರಜೆಯಲ್ಲೇ ಕೈ ತಿರುಗಿಸಿಕೋ. 6ಎಕ್ಸ್² + ಎಕ್ಸ್ − 12 ಕೊಟ್ಟರೆ ಎರಡು ನಿಮಿಷದೊಳಗೆ (3ಎಕ್ಸ್ − 4)(2ಎಕ್ಸ್ + 3) ಬರಬೇಕು. 1/ಎಕ್ಸ್ + 1/(ಎಕ್ಸ್ + 2) ಕೂಡಲು ಹೇಳಿದರೆ ತಡವರಿಸಬಾರದು. ದಿನಕ್ಕೆ ಹತ್ತು ಲೆಕ್ಕದಂತೆ ಎರಡು ವಾರ ಸಾಕು.

ಈ ಕ್ಲಾಸಿನಲ್ಲಿ ಅಂಕ ಹೋಗುವುದು ಬಹಳ ಸಲ ಹೊಸ ಪಾಠದಲ್ಲಲ್ಲ, ಹಳೇ ಸಾಲುಗಳಲ್ಲಿ. (ಎಕ್ಸ್ + 3)² ಎಂದರೆ ಎಕ್ಸ್² + 9 ಎಂದು ಬರೆದು ನಡುವಿನ 6ಎಕ್ಸ್ ನುಂಗಿಬಿಡುವುದು. −(ಎಕ್ಸ್ − 4) ಬಿಡಿಸುವಾಗ ಎರಡನೇ ಚಿಹ್ನೆ ಬದಲಿಸಲು ಮರೆಯುವುದು. (ಎಕ್ಸ್ + 5)/ಎಕ್ಸ್ ಕಂಡ ಕೂಡಲೇ ಮೇಲೆ ಕೆಳಗೆ ಎಕ್ಸ್ ಹೊಡೆದುಹಾಕುವುದು. ಹೊಡೆದುಹಾಕಬಹುದಾದದ್ದು ಗುಣಾಕಾರದಲ್ಲಿ ಕೂತ ಅಪವರ್ತನವನ್ನು ಮಾತ್ರ, ಕೂಡಿಕೆಯಲ್ಲಿ ಕೂತ ಪದವನ್ನಲ್ಲ. ಅನುಮಾನ ಬಂದರೆ ಎಕ್ಸ್ ಜಾಗದಲ್ಲಿ 2 ಹಾಕಿ ಎರಡೂ ಕಡೆ ಲೆಕ್ಕ ಹಾಕು: (2 + 5)/2 ಮೂರೂವರೆ, 5 ಅಲ್ಲ.

ಇನ್ನು ನಿಜಕ್ಕೂ ಹೊಸದು. ಆಲ್ಜಿಬ್ರಾ 1ರಲ್ಲಿ ನೀನು ಹಾಕಿದ ಹೆಜ್ಜೆಗಳು ಹೆಚ್ಚುಕಡಿಮೆ ಎಲ್ಲವೂ ಹಿಂದಕ್ಕೂ ಬರುವಂಥವು. ಎರಡೂ ಕಡೆ 7 ಕೂಡಿದರೆ 7 ಕಳೆದು ವಾಪಸ್ ಬರಬಹುದು. ಇಲ್ಲಿ ವಾಪಸ್ ಬರಲಾಗದ ಹೆಜ್ಜೆಗಳೂ ಇವೆ. √(ಎಕ್ಸ್ + 6) = ಎಕ್ಸ್ ಎಂಬ ಸಮೀಕರಣ ತೆಗೆದುಕೋ. ಎರಡೂ ಕಡೆ ವರ್ಗ ಮಾಡಿದರೆ ಎಕ್ಸ್² − ಎಕ್ಸ್ − 6 = 0, ಉತ್ತರ 3 ಮತ್ತು −2. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ, ಆದರೂ −2 ಉತ್ತರವಲ್ಲ. ಮೂಲ ಸಮೀಕರಣಕ್ಕೆ ಹಾಕಿದರೆ ಎಡಗಡೆ 2, ಬಲಗಡೆ −2. ವರ್ಗ ಮಾಡುವಾಗ 2ಕ್ಕೂ −2ಕ್ಕೂ ಇದ್ದ ವ್ಯತ್ಯಾಸ ಅಳಿಸಿಹೋಯಿತು, ಆ ಸಂದಿಯಲ್ಲಿ ಕರೆಯದ ನೆಂಟನೊಬ್ಬ ಒಳಗೆ ಬಂದ.

ಇದರ ಉಲ್ಟಾ ತಪ್ಪು ಉತ್ತರ ಕಳೆದುಕೊಳ್ಳುವುದು. ಎಕ್ಸ್² = 5ಎಕ್ಸ್ ಇದ್ದಾಗ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿದರೆ 5 ಸಿಗುತ್ತದೆ, 0 ಸದ್ದಿಲ್ಲದೆ ಮಾಯ. ಸೊನ್ನೆಯಾಗಬಹುದಾದದ್ದರಿಂದ ಭಾಗಿಸಬೇಡ, ಎಲ್ಲವನ್ನೂ ಒಂದೇ ಕಡೆ ತಂದು ಫ್ಯಾಕ್ಟರ್ ಮಾಡು. ಲಾಗರಿತಮ್‌ನಲ್ಲೂ, ಅಂದರೆ ಒಂದು ಸಂಖ್ಯೆಯ ಎಷ್ಟನೇ ಘಾತ ಎಂದು ಕೇಳುವ ಲೆಕ್ಕದಲ್ಲೂ, ಇದೇ ಕಥೆ: ಲಾಗ್₂(ಎಕ್ಸ್) + ಲಾಗ್₂(ಎಕ್ಸ್ − 2) = 3 ಬಿಡಿಸಿದರೆ 4 ಮತ್ತು −2 ಬರುತ್ತವೆ. ಋಣಸಂಖ್ಯೆಗೆ ಇಲ್ಲಿ ಲಾಗ್ ಇಲ್ಲ, ಹಾಗಾಗಿ 4 ಮಾತ್ರ ಉಳಿಯುತ್ತದೆ. ಛೇದದಲ್ಲಿ ಎಕ್ಸ್ − 3 ಇರುವಂಥ ಲೆಕ್ಕಗಳಲ್ಲಿ ಬಿಡಿಸಲು ಶುರುಮಾಡುವ ಮೊದಲೇ ಮೇಲಿನ ಮೂಲೆಯಲ್ಲಿ ‘ಎಕ್ಸ್ ≠ 3’ ಅಂತ ಬರೆದಿಡು. ಕೊನೆಗೆ ನೆನಪಿಸಿಕೊಳ್ಳುತ್ತೇನೆ ಅಂದವರು ನೆನಪಿಸಿಕೊಳ್ಳುವುದಿಲ್ಲ.

ಬಹುಪದೋಕ್ತಿಯ ಸಿಂಥೆಟಿಕ್ ಡಿವಿಜನ್ (ಗುಣಕಗಳನ್ನಷ್ಟೇ ಸಾಲಾಗಿ ಬರೆದು ಭಾಗಿಸುವ ಕ್ರಮ) ಬಂದಾಗ ಒಂದು ವಿಚಿತ್ರ ಬಲೆ ಇದೆ. ಎಕ್ಸ್³ − 7ಎಕ್ಸ್ + 6 ಅನ್ನು ಎಕ್ಸ್ − 1 ರಿಂದ ಭಾಗಿಸಬೇಕು. ಎಕ್ಸ್² ಪದ ಇಲ್ಲ, ಆದರೆ ಅದರ ಜಾಗ ಇದೆ. ಗುಣಕಗಳನ್ನು 1, 0, −7, 6 ಎಂದು ಬರೆಯಬೇಕು. ಆಗ ಕೆಳಗಿನ ಸಾಲು 1, 1, −6, 0. ಅಂದರೆ ಎಕ್ಸ್² + ಎಕ್ಸ್ − 6, ಅದು (ಎಕ್ಸ್ + 3)(ಎಕ್ಸ್ − 2). ಸೊನ್ನೆ ಬಿಟ್ಟು 1, −7, 6 ಎಂದು ಬರೆದರೆ ಕೆಳಗೆ 1, −6, 0 ಬರುತ್ತದೆ. ನೋಡಿದೆಯಾ, ಶೇಷ ಆಗಲೂ ಸೊನ್ನೆಯೇ! ‘ಶೇಷ ಸೊನ್ನೆ, ಸರಿಯಾಗಿದೆ’ ಎಂದು ಮುಂದೆ ಹೋದರೆ ಲೆಕ್ಕ ಕೆಟ್ಟಿತು. ಹಿಡಿಯುವ ದಾರಿ ಘಾತ: ಮೂರನೇ ಘಾತದ್ದನ್ನು ಒಂದನೇ ಘಾತದ್ದರಿಂದ ಭಾಗಿಸಿದರೆ ಎರಡನೇ ಘಾತದ್ದು ಬರಬೇಕು, ಇಲ್ಲಿ ಬಂದದ್ದು ಬರೀ ಎಕ್ಸ್ − 6.

ಮಿಶ್ರ ಸಂಖ್ಯೆಗಳು (ಕಾಂಪ್ಲೆಕ್ಸ್ ನಂಬರ್ಸ್) ಬಂದಾಗ ‘ಇದು ನಿಜವಾದ ಸಂಖ್ಯೆಯೇ ಅಲ್ಲ’ ಅಂತ ನೀನು ಗೊಣಗುವುದು ಖಂಡಿತ. ಗೊಣಗು, ಒಳ್ಳೇ ಜೊತೆಯಿದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ, ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ‘ಗಣಿತಸಾರಸಂಗ್ರಹ’ದಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಅದು ಪೂರಾ ಸರಿ. ನಿನ್ನ ಕ್ಲಾಸಿನಲ್ಲಿ √(−1)ಗೆ ಐ ಎಂದು ಹೆಸರಿಟ್ಟು ಮುಂದೆ ಹೋಗುತ್ತಾರೆ. ಎಡವುವುದು √(−4) × √(−9) ಎಂಬಲ್ಲಿ. ಮೊದಲು ಒಳಗಿನದನ್ನು ಗುಣಿಸಿ √36 = 6 ಅಂದರೆ ತಪ್ಪು. ಮೊದಲು 2ಐ ಮತ್ತು 3ಐ ಮಾಡಿಕೊಂಡು ಆಮೇಲೆ ಗುಣಿಸು: −6. ಒಳಗಿನ ಸಂಖ್ಯೆಗಳೆರಡೂ ಋಣವಾಗಿದ್ದರೆ ಒಳಗಿನದನ್ನು ಮೊದಲು ಗುಣಿಸುವ ಹಳೇ ನಿಯಮ ಕೆಲಸ ಮಾಡುವುದಿಲ್ಲ.

ಉಳಿದಂತೆ ಘಾತೀಯ ಬೆಳವಣಿಗೆ, ಶ್ರೇಢಿಗಳು, ತ್ರಿಕೋನಮಿತಿಯ ಯೂನಿಟ್ ಸರ್ಕಲ್, ಒಂದಿಷ್ಟು ಸಂಖ್ಯಾಶಾಸ್ತ್ರ. ಅವು ನಿನಗೆ ಕಷ್ಟವಾಗಲಾರವು.

ಮೊದಲ ವಾರ ಕೊಡುವ ಸಿಲಬಸ್ ಹಾಳೆಯಲ್ಲಿ ಗ್ರೇಡಿನ ಪಾಲು ಹೇಗೆ ಹಂಚಿದ್ದಾರೆ ನೋಡು. ಶಾಲೆಯಿಂದ ಶಾಲೆಗೆ ಬೇರೆ. ಉದಾಹರಣೆಗೆ ಟೆಸ್ಟಿಗೆ 70, ಕ್ವಿಜ್‌ಗೆ 15, ಹೋಮ್‌ವರ್ಕಿಗೆ 15 ಅಂದುಕೋ. ಹೋಮ್‌ವರ್ಕ್ 100, ಕ್ವಿಜ್ 85, ಟೆಸ್ಟ್ ಸರಾಸರಿ 78 ಬಂದರೆ ಒಟ್ಟು 82.35. ಹೋಮ್‌ವರ್ಕ್ ನೂರಕ್ಕೆ ನೂರು ಇದ್ದೂ ಇಷ್ಟೇ. ಹಾಗಂತ ಹೋಮ್‌ವರ್ಕಿಗೆ ಬೆಲೆಯಿಲ್ಲ ಅನ್ನಬೇಡ. ಅದಕ್ಕೆ ಸಿಗುವ 15ಕ್ಕಿಂತ ಟೆಸ್ಟಿನ 70ಕ್ಕೆ ಅದು ಕೊಡುವ ಅಭ್ಯಾಸ ದೊಡ್ಡದು. ಫೋಟೊ ಹಿಡಿದರೆ ಉತ್ತರ ಕೊಡುವ ಆ್ಯಪ್‌ನಿಂದ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಉದಾಹರಣೆ ಲೆಕ್ಕವನ್ನು ಓದಿ, ಪುಸ್ತಕ ಮುಚ್ಚಿ, ಅದನ್ನೇ ಖಾಲಿ ಹಾಳೆಯಲ್ಲಿ ಮಾಡು. ಇಪ್ಪತ್ತು ನಿಮಿಷ ಒದ್ದಾಡಿದರೂ ಆಗದಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಒಂದು ಸಾಲು ಬರೆದು, ಮರುದಿನ ಆ ಸಾಲನ್ನೇ ಟೀಚರಿಗೆ ಕೇಳು. ‘ನನಗೆ ಅರ್ಥ ಆಗಲಿಲ್ಲ’ ಎಂದರೆ ಅವರು ಎಲ್ಲಿಂದ ಶುರುಮಾಡಬೇಕು?

ತಪ್ಪಿದ ಲೆಕ್ಕಗಳಿಗೆ ಬೇರೆ ನೋಟ್‌ಬುಕ್ ಇಡು. ಸರಿಯುತ್ತರ ನಕಲು ಮಾಡುವುದಕ್ಕಲ್ಲ, ಯಾವ ಸಾಲಿನಲ್ಲಿ ಏನು ಕೆಟ್ಟಿತು ಎಂದು ಬರೆಯುವುದಕ್ಕೆ. ಮೂರು ದಿನ ಬಿಟ್ಟು ಅದೇ ಲೆಕ್ಕವನ್ನು ನೋಡದೆ ಮಾಡು. ಟೆಸ್ಟಿನಲ್ಲಿ ಒಂದು ಸಾಲಿಗೆ ಒಂದೇ ಹೆಜ್ಜೆ. ಮನಸ್ಸಿನಲ್ಲೇ ಮೂರು ಹೆಜ್ಜೆ ಹಾರಿ ತಪ್ಪಿದರೆ ಅರ್ಧ ಅಂಕ ಕೊಡಲೂ ಟೀಚರಿಗೆ ಹಾಳೆಯಲ್ಲಿ ಏನೂ ಸಿಗುವುದಿಲ್ಲ.

ಟಿಐ-84 ಕ್ಯಾಲ್ಕ್ಯುಲೇಟರಿನಲ್ಲಿ ಕಳೆಯುವ ಕೀಲಿ ಬೇರೆ, ಋಣಚಿಹ್ನೆಯ ಕೀಲಿ ಬೇರೆ. −3² ಎಂದು ಒತ್ತಿದರೆ −9 ಬರುತ್ತದೆ; 9 ಬೇಕಿದ್ದರೆ ಆವರಣ ಹಾಕು. ತ್ರಿಕೋನಮಿತಿಗೆ ಮೊದಲು ಮೋಡ್ ನೋಡು: ಸೈನ್ 30 ಒತ್ತಿದಾಗ 0.5 ಬದಲು −0.988 ಬಂದರೆ ಅದು ರೇಡಿಯನ್‌ನಲ್ಲಿ ಕೂತಿದೆ.

ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡ. ಈಗಿನ ಡಿಜಿಟಲ್ ಪರೀಕ್ಷೆಯ ಗಣಿತದಲ್ಲಿ 70 ನಿಮಿಷಕ್ಕೆ 44 ಪ್ರಶ್ನೆ. ಅದರಲ್ಲಿ ಸುಮಾರು 35 ಪ್ರತಿಶತ ಆಲ್ಜಿಬ್ರಾ, ಇನ್ನೊಂದು 35 ಪ್ರತಿಶತ ಅಡ್ವಾನ್ಸ್ಡ್ ಮ್ಯಾಥ್. ಆ ಎರಡನೆಯ ಪಾಲು ಬಹುಮಟ್ಟಿಗೆ ಇದೇ ಕ್ಲಾಸಿನ ಸರಕು.

ಕೊನೆಗೆ ಈ ಶನಿವಾರಕ್ಕೆ ಒಂದು ಲೆಕ್ಕ. ಭಾಸ್ಕರಾಚಾರ್ಯ 1150ರ ‘ಲೀಲಾವತಿ’ಯಲ್ಲಿ ಕೇಳಿದ್ದು. ದುಂಬಿಗಳ ಹಿಂಡಿನ ಅರ್ಧದ ವರ್ಗಮೂಲದಷ್ಟು ಮಾಲತಿ ಹೂವಿಗೆ ಹೋದವು. ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲೂ ಹೋಯಿತು. ಉಳಿದದ್ದು ತಾವರೆಯೊಳಗೆ ಸಿಕ್ಕಿಬಿದ್ದು ಗುಂಯ್‌ಗುಡುವ ಒಂದು ಗಂಡು, ಹೊರಗಿನಿಂದ ಅದಕ್ಕೆ ಓಗೊಡುವ ಒಂದು ಹೆಣ್ಣು. ಒಟ್ಟು ದುಂಬಿಗಳೆಷ್ಟು? ಹಿಂಡನ್ನು 2ವೈ² ಅಂದುಕೊಂಡರೆ ವರ್ಗಮೂಲ ನೀಟಾಗಿ ಹೋಗಿ 2ವೈ² − 9ವೈ − 18 = 0 ಬರುತ್ತದೆ. ಅದರಿಂದ ಹಿಂಡಿಗೆ ಎರಡು ಉತ್ತರ: 72 ಮತ್ತು ನಾಲ್ಕೂವರೆ. ‘ಅರ್ಧ ದುಂಬಿ ಇರುವುದಿಲ್ಲ’ ಅಂತ ನಾಲ್ಕೂವರೆಯನ್ನು ಬಿಸಾಡಿದರೆ ನಾನು ಒಪ್ಪುವುದಿಲ್ಲ. ಅದು ಯಾವ ಸಾಲಿನಲ್ಲಿ ಒಳಗೆ ನುಸುಳಿತು ಎಂದು ತೋರಿಸು.

ನಿನ್ನ
ಅಪ್ಪ