ಶಟಲ್ ಪ್ರಾಕ್ಟೀಸ್ ಬಿಡಿಸೋ ಮುಂಚೆ ಇದೊಂದು ಓದಿ

ಪೋಷಕರೆಲ್ಲರಿಗೂ ನಮಸ್ಕಾರ,

ತಾಲ್ಲೂಕು ಮಟ್ಟದ ಶಟಲ್ ಪಂದ್ಯದಲ್ಲಿ ನಮ್ಮ ಮಕ್ಕಳು ಸೋತು ಬಂದ್ಮೇಲೆ ನಿಮ್ಮಲ್ಲಿ ಕೆಲವರು ಆಫೀಸ್ ರೂಮಿಗೆ ಬಂದು, ಇನ್ನು ಪ್ರಾಕ್ಟೀಸ್ ಸಾಕು, ಸಂಜೆ ಟ್ಯೂಷನ್‌ಗೆ ಹಾಕ್ತೀವಿ ಅಂದ್ರಿ. ನಿಮ್ಮ ಚಿಂತೆ ನಂಗೆ ಅರ್ಥ ಆಗುತ್ತೆ, ಎಂಟನೇ ಕ್ಲಾಸ್ ದಾಟಿದ್ರೆ ಸಾಕು ಎಲ್ಲರ ಮನೇಲೂ ಎಸ್ಸೆಸ್ಸೆಲ್ಸಿ ಮಾತೇ. ಆದ್ರೂ ಹೆಸರು ತೆಗೆಸೋಕ್ಕೆ ಮುಂಚೆ ಒಬ್ಬ ಆಟಗಾರ್ತಿ ಕಥೆ ನಿಮಗೆ ಹೇಳ್ಲೇಬೇಕು ಅನ್ನಿಸ್ತು.

ತೈವಾನಿನ ತೈ ಜು ಯಿಂಗ್. ಸಿಂಧು ಮ್ಯಾಚ್ ನೋಡೋರಿಗೆಲ್ಲ ಈ ಹೆಸರು ಚೆನ್ನಾಗಿ ಗೊತ್ತು, ಟಿವಿಲಿ ದೇಶದ ಹೆಸರು ಮಾತ್ರ ಚೀನಾ ತೈಪೆ ಅಂತ ಬರುತ್ತೆ. ಹುಟ್ಟಿದ್ದು 1994ರಲ್ಲಿ, ಕಾವೊಶಿಯುಂಗ್ ಅನ್ನೋ ಬಂದರು ಊರು, ಅಪ್ಪ ಅಗ್ನಿಶಾಮಕ ದಳದಲ್ಲಿ ಕೆಲಸ. ಪ್ರೈಮರಿಲಿ ಇದ್ದಾಗ್ಲೇ ರಾಕೆಟ್ ಹಿಡಿದ ಹುಡುಗಿ 2010ರ ಸಿಂಗಪುರ ಓಪನ್‌ನಲ್ಲಿ ಕ್ವಾಲಿಫೈಯಿಂಗ್‌ನಿಂದ ಆಡ್ಕೊಂಡು ಬಂದು ಸೀದಾ ಫೈನಲ್ ಮುಟ್ಟಿದ್ಲು, ಅಲ್ಲಿ ನಮ್ಮ ಸೈನಾ ಎದುರು ಸೋತ್ಲು. ಆಗ ಅವಳಿಗೆ ನಮ್ಮ ಹತ್ತನೇ ಕ್ಲಾಸ್ ಮಕ್ಕಳ ವಯಸ್ಸು.

ಅಷ್ಟು ಚಿಕ್ಕ ವಯಸ್ಸಲ್ಲಿ ಫೈನಲ್ ಆಡಿದೋಳು ಮಾರನೇ ವರ್ಷಾನೇ ನಂಬರ್ ಒನ್ ಆಗಿರ್ಬೇಕು ಅಂದ್ಕೋತೀರಿ, ಇಲ್ಲ, ಆರು ವರ್ಷ ಹಿಡೀತು. 2016ರ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್‌ಲಿ ಸಿಂಧು ಅವಳನ್ನ 21-13, 21-15ರಲ್ಲಿ ಮನೆಗೆ ಕಳಿಸಿದ್ಲು, ಪ್ರೀ ಕ್ವಾರ್ಟರ್ ಕೂಡ ದಾಟ್ಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವಳೇ ವಿಶ್ವದ ನಂಬರ್ ಒನ್! ಆಮೇಲೆ ಬಿಟ್ಟು ಬಿಟ್ಟು ಒಟ್ಟು 214 ವಾರ ಆ ಜಾಗದಲ್ಲಿ ಇದ್ಲು, ಮಹಿಳಾ ಸಿಂಗಲ್ಸ್‌ನಲ್ಲಿ ಅದು ದಾಖಲೆ. ಆಲ್ ಇಂಗ್ಲೆಂಡ್ ಅನ್ನೋ ದೊಡ್ಡ ಟೂರ್ನಿ ಮೂರು ಸಲ ಗೆದ್ಲು, 2018ರ ಏಷ್ಯನ್ ಗೇಮ್ಸ್ ಚಿನ್ನ ಬೇರೆ. 2020ರಲ್ಲಿ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್‌ನಲ್ಲಿ ನಮ್ಮ ಬೆಂಗಳೂರು ರಾಪ್ಟರ್ಸ್ ಟೀಮ್‌ಗೂ ಆಡಿದ್ಲು, 77 ಲಕ್ಷ ಕೊಟ್ಟು ತಗೊಂಡಿದ್ರು, ಆ ವರ್ಷ ಕಪ್ಪೂ ಬಂತು.

ಆದ್ರೆ ನಂಗೆ ಅವಳು ಇಷ್ಟ ಆಗೋದು ಆಟ ಆಡೋ ರೀತಿಗೆ. ನೆಟ್ ಹತ್ರ ಶಟಲ್ ಬಂದಾಗ ರಾಕೆಟ್ ಮುಂದೆ ಚಾಚಿ ಒಂದು ಕ್ಷಣ ಹಾಗೇ ತಡೀತಾಳೆ, ಡ್ರಾಪ್ ಹಾಕ್ತಾಳೆ, ಅಂದ್ರೆ ನೆಟ್ ಹತ್ರಾನೇ ಮೆತ್ತಗೆ ಬೀಳಿಸ್ತಾಳೆ ಅಂತ ಎದುರಿನೋಳು ಮುಂದೆ ಓಡಿ ಬರೋ ಹೊತ್ತಿಗೆ ಮಣಿಕಟ್ಟು ಸ್ವಲ್ಪ ತಿರುಗುತ್ತೆ ಅಷ್ಟೇ, ಶಟಲ್ ತಲೆ ಮೇಲಿಂದ ಹಿಂದಿನ ಗೆರೆಗೆ. ಇಂಥ ಶಾಟ್ ಆಡೋರಿಗೆ ತಪ್ಪೂ ಜಾಸ್ತಿ ಆಗುತ್ತೆ, ಅವಳು ಗೆಲ್ಲೋ ಮ್ಯಾಚಲ್ಲೂ ಸುಮ್ಮಸುಮ್ಮನೆ ಪಾಯಿಂಟ್ ಬಿಟ್ಟುಕೊಡ್ತಿದ್ಲು, ಆದ್ರೂ ಆಟದ ರೀತಿ ಮಾತ್ರ ಬಿಡ್ಲಿಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ಮೊನ್ನೆ ಪಂದ್ಯದಲ್ಲಿ ನಮ್ಮ ಹುಡುಗಿಯೊಬ್ಬಳು ಇಂಥದ್ದೇ ಒಂದು ಶಾಟ್ ಟ್ರೈ ಮಾಡಿ ನೆಟ್‌ಗೆ ಹೊಡೆದ್ಲು, ಪಕ್ಕದಿಂದ ಮೂರ್ನಾಲ್ಕು ಜನ ಒಟ್ಟಿಗೇ "ಸುಮ್ನೆ ವಾಪಸ್ ಹೊಡಿಯೇ" ಅಂತ ಕೂಗಿದ್ರು, ಮ್ಯಾಚ್ ಮುಗಿಯೋವರೆಗೂ ಆ ಮಗು ಮತ್ತೆ ಆ ಶಾಟ್ ಮುಟ್ಟಲೇ ಇಲ್ಲ. ದಯವಿಟ್ಟು ಹಾಗೆ ಕೂಗ್ಬೇಡಿ, ತಪ್ಪು ತಿದ್ದೋಕೆ ಪಿಟಿ ಟೀಚರ್ ಇದ್ದಾರೆ.

ಇನ್ನೊಂದು ವಿಷಯ, ಒಲಿಂಪಿಕ್ಸ್ ಚಿನ್ನ, ವಿಶ್ವ ಚಾಂಪಿಯನ್‌ಶಿಪ್ ಚಿನ್ನ ಎರಡೂ ಅವಳಿಗೆ ಸಿಗ್ಲೇ ಇಲ್ಲ. ಟೋಕಿಯೋದಲ್ಲಿ ಸೆಮಿಫೈನಲ್‌ನಲ್ಲಿ ಸಿಂಧುನ ಸೋಲಿಸಿ ಮಾರನೇ ದಿನ ಫೈನಲ್‌ನಲ್ಲಿ ಚೀನಾದ ಚೆನ್ ಯುಫೆ ಎದುರು ಮೂರನೇ ಗೇಮ್ 18-21ಕ್ಕೆ ಬಿಟ್ಲು. ಆಗ ಬಂದು ತಬ್ಬಿಕೊಂಡು ಸಮಾಧಾನ ಮಾಡಿದ್ದು ಯಾರು ಗೊತ್ತಾ, ಹಿಂದಿನ ದಿನ ಅವಳ ಕೈಲೇ ಸೋತಿದ್ದ ಸಿಂಧು. ಇದನ್ನ ತೈ ಜು ಯಿಂಗ್ ತಾನೇ ಆಮೇಲೆ ಬರ್ಕೊಂಡಿದ್ಲು. 2024ರ ಪ್ಯಾರಿಸ್‌ಗೆ ಮಂಡಿ ನೋವು ಇಟ್ಕೊಂಡೇ ಹೋಗಿ ಗುಂಪು ಹಂತದಲ್ಲೇ ಹೊರಬಿದ್ಲು, 2025ರ ನವೆಂಬರ್‌ನಲ್ಲಿ ಗಾಯದಿಂದಾಗಿ ನಿವೃತ್ತಿ ಹೇಳಿದ್ಲು. ಆವತ್ತು ಸಿಂಧು ಸೇರಿದಂತೆ ಎದುರಾಳಿಗಳೇ ಅವಳ ಬಗ್ಗೆ ಎಷ್ಟು ಪ್ರೀತಿಯಿಂದ ಬರೆದ್ರು.

ನಮ್ಮ ಮಕ್ಕಳಲ್ಲಿ ಯಾರಾದ್ರೂ ಒಲಿಂಪಿಕ್ಸ್‌ಗೆ ಹೋಗ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ. ಕೇಳ್ತಿರೋದು ಇಷ್ಟೇ, ಒಂದು ಸೋಲು ನೋಡಿ ಬಿಡಿಸ್ಬೇಡಿ, ಈ ವರ್ಷ ಪೂರ್ತಿ ಆಡೋಕೆ ಬಿಡಿ. ಮಂಡಿ, ಹಿಮ್ಮಡಿ ನೋವು ಅಂತ ಮಗು ಹೇಳಿದ್ರೆ ಆವತ್ತು ಆಡಿಸ್ಬೇಡಿ, ನಮಗೆ ತಿಳಿಸಿ. ಸೋಮವಾರದಿಂದ ಪ್ರಾಕ್ಟೀಸ್ ಸ್ಕೂಲ್ ಬಿಟ್ಟ ಕೂಡ್ಲೇ ಶುರು, ಐದೂವರೆಗೆ ಮುಗಿಸ್ತೀವಿ, ಟ್ಯೂಷನ್ ಇರೋರು ಅಲ್ಲಿಂದ ಆರಾಮಾಗಿ ಹೋಗ್ಬಹುದು. ರಾಕೆಟ್ ಇಲ್ದೇ ಇರೋ ಮಕ್ಕಳಿಗೆ ಸ್ಕೂಲಿಂದಲೇ ಕೊಡ್ತೀವಿ, ಅದಕ್ಕೋಸ್ಕರ ಯಾರೂ ಹಿಂದೇಟು ಹಾಕ್ಬೇಡಿ. ಒಪ್ಪಿಗೆ ಚೀಟಿ ಡೈರಿಲಿ ಇಟ್ಟಿದ್ದೀವಿ, ಸೈನ್ ಮಾಡಿ ಶನಿವಾರದೊಳಗೆ ಕಳಿಸ್ಕೊಡಿ.

ಇಂತಿ,
ಮುಖ್ಯ ಶಿಕ್ಷಕರು