ಮೊಲದ ಮುಖದ ಮೇಲಿನ ಹುಲ್ಲು ಅಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ಭಾನುವಾರದ ಪುರವಣಿಯ ವನ್ಯಜೀವಿ ಪುಟದಲ್ಲಿ ಅಚ್ಚಾದ ಕಾಡುಮೊಲದ ಚಿತ್ರವನ್ನು ಅನೇಕ ಓದುಗರು ಮೆಚ್ಚಿಕೊಂಡಿರಬಹುದು. ದುಂಡು ಚಂದ್ರನ ಮುಂದೆ ಹಿಂಗಾಲುಗಳ ಮೇಲೆ ಎದ್ದು ನಿಂತು ಕಿವಿ ನಿಮಿರಿಸಿರುವ ಮೊಲ; ಅದರ ಮೀಸೆಯ ಎಳೆಗಳು ಎಷ್ಟು ಸ್ಪಷ್ಟವೋ ಚಂದ್ರನ ಕಲೆಗಳೂ ಅಷ್ಟೇ ಸ್ಪಷ್ಟ. ಚಂದ್ರನಲ್ಲೇ ಮೊಲವನ್ನು ಕಂಡುಕೊಂಡ ನಾಡಿನವರಿಗೆ ಇಂಥ ಚಿತ್ರ ಹಿಡಿಸದಿರುವುದು ಕಷ್ಟ. ಆದರೆ 600 ಮಿ.ಮೀ. ಲೆನ್ಸಿನಲ್ಲಿ 30 ಮೀಟರ್ ದೂರದ ಮೊಲಕ್ಕೆ ಫೋಕಸ್ ಮಾಡಿದಾಗ ಅದರ ಹಿಂದಿನ ಚಂದ್ರ ಅಂಚು ಕರಗಿದ ಬೆಳಕಿನ ಉಂಡೆಯಾಗುತ್ತಾನೆಯೇ ಹೊರತು ಕಲೆಗಳು ಕಾಣುವಷ್ಟು ನಿಚ್ಚಳವಾಗಿ ಉಳಿಯುವುದಿಲ್ಲ. ಚಂದ್ರ ಬೆನ್ನ ಹಿಂದಿದ್ದು ಆಕಾಶ ಕಪ್ಪಾಗಿರುವಾಗ, ಮೊಲದ ಎದೆಯ ಮೇಲೆ ಎಳೆಬಿಸಿಲು ಬಿದ್ದಿರುವುದಂತೂ ಸಾಧ್ಯವೇ ಇಲ್ಲ. ಬೆಳಗ್ಗೆ ತೆಗೆದ ಮೊಲವನ್ನು ರಾತ್ರಿ ತೆಗೆದ ಚಂದ್ರನಿಗೆ ಜೋಡಿಸಿದ ಚಿತ್ರವದು. ಜೋಡಿಸಿದ್ದು ಅಪರಾಧವಲ್ಲ, ಅದೂ ಒಂದು ಕಲೆ. ಹಾಗೆಂದು ಒಂದು ಮಾತನ್ನೂ ಹೇಳದೆ ಅದನ್ನು ವನ್ಯಜೀವಿ ಪುಟದಲ್ಲಿ ಮುದ್ರಿಸಿದ್ದಕ್ಕೆ ಮಾತ್ರ ನನ್ನ ಆಕ್ಷೇಪ.

ಎಡಿಟಿಂಗ್ ಎಂದರೆ ಮೋಸವೆಂದು ಹೇಳುವ ಶುದ್ಧವಾದಿ ನಾನಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿನಲ್ಲೂ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಸುತ್ತಲೂ ಮೊಲದ ಚಿತ್ರಕ್ಕಾಗಿ ಅಲೆದಿರುವ ನನಗೆ, ಕಂಪ್ಯೂಟರ್ ಮುಂದೆ ಕೂರದೆ ಈ ಪ್ರಾಣಿಯ ಚಿತ್ರ ಪೂರ್ಣವಾಗುವುದಿಲ್ಲವೆಂಬುದು ಗೊತ್ತು. ಮೊಲ ಮೇಯುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಬಿಸಿಲೇರುವ ಹೊತ್ತಿಗೆ ಅದು ಹುಲ್ಲಿನ ಬುಡದಲ್ಲಿ ತನ್ನ ಮೈಯಳತೆಯ ತಗ್ಗೊಂದರಲ್ಲಿ ಅಡಗಿ ಕೂತಿರುತ್ತದೆ. ಹೀಗಾಗಿ ಸಿಗುವ ಅಲ್ಪ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 3200, 6400ಕ್ಕೆ ಏರಲೇಬೇಕು, ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಬಂದೇ ಬರುತ್ತದೆ. ಕ್ಯಾಮೆರಾ ದಾಖಲಿಸಿದ ಮೂಲ ಕಡತವಾದ ರಾ ಫೈಲ್ ತೆರೆದಾಗ ಕಾಣುವ ಚಿತ್ರ ಸಪ್ಪೆಯಾಗಿರುತ್ತದೆ, ಬೆಳಗಿನ ಹೊತ್ತಿನದಾದರೆ ನೀಲಿಗೆ ವಾಲಿರುತ್ತದೆ. ಅದರ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳ ಸಮತೋಲ ಸರಿಪಡಿಸುವುದು, ನಾಯ್ಸ್ ತಗ್ಗಿಸುವುದು, ದೂರದ ಮೊಲ ಕಾಣುವಂತೆ ಅಂಚು ಕತ್ತರಿಸಿ ಕ್ರಾಪ್ ಮಾಡುವುದು, ಸೆನ್ಸರಿನ ಮೇಲೆ ಕೂತ ದೂಳಿನ ಚುಕ್ಕಿ ಅಳಿಸುವುದು ಇವೆಲ್ಲ ಕಣ್ಣು ಕಂಡದ್ದಕ್ಕೆ ಚಿತ್ರವನ್ನು ಹತ್ತಿರ ತರುವ ಕೆಲಸಗಳು. ಫಿಲಂ ಕಾಲದ ಹಿರಿಯರೂ ಡಾರ್ಕ್‌ರೂಮಿನ ಕೆಂಪು ದೀಪದಡಿ ಪ್ರಿಂಟಿನ ಒಂದು ಭಾಗವನ್ನು ತಿಳಿಯಾಗಿಸಿ ಇನ್ನೊಂದನ್ನು ಗಾಢವಾಗಿಸುತ್ತಿದ್ದರು.

ಕಂಡದ್ದನ್ನು ತೆಗೆದುಹಾಕುವ ಮತ್ತು ಕಾಣದ್ದನ್ನು ತಂದಿಡುವ ಕೆಲಸ ಇದಕ್ಕಿಂತ ಬೇರೆಯದು. ಮೊಲದ ಚಿತ್ರಗಳಲ್ಲಿ ಇದಕ್ಕೆ ಮೊದಲು ಬಲಿಯಾಗುವುದು ಹುಲ್ಲು. ಮುಖಕ್ಕೆ ಅಡ್ಡ ಬಂದ ಒಂದು ಒಣಗರಿಕೆ, ಕಿವಿಯ ಮೇಲೆ ಬಾಗಿದ ಒಂದು ತೆನೆ, ಬೆನ್ನ ಹಿಂದಿನ ಜಾಲಿಯ ಕಡ್ಡಿ ಇವನ್ನೆಲ್ಲ ಒರೆಸಿ, ಹಿನ್ನೆಲೆಯನ್ನು ಹಸಿರು ರೇಷ್ಮೆಯಂತೆ ನುಣುಪು ಮಾಡಿ, ನಡುವೆ ಮೊಲವನ್ನು ಬೊಂಬೆಯಂತೆ ಕೂರಿಸುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ಕಂಡಿದ್ದೆವು. ಹುಲ್ಲು ಅಳಿಸುವ ಭರದಲ್ಲಿ ನಿಜಕ್ಕೂ ಒಂದು ಕಾಲು ಮಾಯವಾದ ಮೊಲವನ್ನು ಜಾಲತಾಣಗಳಲ್ಲಿ ಈಗ ನೋಡುತ್ತಿದ್ದೇವೆ. ತಮಾಷೆಯ ಮಾತು ಹಾಗಿರಲಿ. ಬಿಲ ತೋಡದ ನಮ್ಮ ಕಾಡುಮೊಲಕ್ಕೆ ಆ ಹುಲ್ಲೇ ಮನೆ, ಬಾಗಿಲು, ಮರೆ ಎಲ್ಲವೂ. ಅದರ ಮೈಬಣ್ಣ ಒಣಹುಲ್ಲಿನಲ್ಲಿ ಬೆರೆತುಹೋಗುವುದು ಛಾಯಾಗ್ರಾಹಕನ ದುರದೃಷ್ಟವಲ್ಲ, ಮೊಲ ಬದುಕಿರುವುದೇ ಆ ಕಾರಣಕ್ಕೆ. ಹುಲ್ಲನ್ನು ಕಿತ್ತಳೆ ಬಣ್ಣಕ್ಕೂ ಮೊಲವನ್ನು ಬೂದು ಬಣ್ಣಕ್ಕೂ ತಿರುಗಿಸಿ ಎರಡನ್ನೂ ಬೇರ್ಪಡಿಸಿದ ಚಿತ್ರ, ಆ ಪ್ರಾಣಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಯನ್ನೇ ಮುಚ್ಚಿಡುತ್ತದೆ. ಹುಲ್ಲುಗಾವಲೆಂದರೆ ಪಾಳುಭೂಮಿ ಎಂದು ಸರ್ಕಾರಿ ಕಾಗದಗಳೇ ಬರೆದುಕೊಂಡು ಬಂದಿರುವಾಗ, ಚಿತ್ರಗಳಿಂದಲೂ ಹುಲ್ಲನ್ನು ಒರೆಸಿಬಿಟ್ಟರೆ ಅದರ ಪರವಾಗಿ ಮಾತನಾಡಲು ಉಳಿಯುವ ಸಾಕ್ಷಿ ಯಾವುದು?

ಬಣ್ಣ ಬದಲಿಸುವುದರಿಂದ ಇನ್ನೊಂದು ನಷ್ಟವೂ ಇದೆ. ದಕ್ಷಿಣ ಭಾರತದ ಕಾಡುಮೊಲಕ್ಕೆ ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇರುತ್ತದೆ, ಬಾಲದ ಮೇಲ್ಭಾಗವೂ ಕಪ್ಪು. ಉತ್ತರ ಭಾರತದ ಉಪಪ್ರಭೇದದಲ್ಲಿ ಕತ್ತಿನ ಮೇಲೆ ಆ ಕಪ್ಪು ಇರುವುದಿಲ್ಲ, ಬಾಲ ಕಂದು ಬಣ್ಣದ್ದು. ನೆರಳನ್ನು ತಿಳಿಯಾಗಿಸುವ ಗುಂಡಿಯನ್ನು ತುದಿಯವರೆಗೆ ಎಳೆದರೆ ಕಪ್ಪು ಕತ್ತು ಕಂದಾಗುತ್ತದೆ. ನಾಗರಿಕರು ಕಳುಹಿಸುವ ಚಿತ್ರಗಳನ್ನೇ ನಂಬಿ ಜೀವಿಗಳ ನೆಲೆ ಗುರುತಿಸುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ ಜಾಲತಾಣಗಳಿಗೆ ಅಂಥ ಚಿತ್ರ ಹೋದರೆ ಗುರುತು ಹಿಡಿಯುವವರು ಯಾವುದನ್ನು ನೋಡಿ ತೀರ್ಮಾನಿಸಬೇಕು?

ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ನಾವು ಹೊಸದಾಗಿ ಯೋಚಿಸಬೇಕಾಗಿಲ್ಲ. ಛಾಯಾಗ್ರಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಘವಾದ ಪಿಎಸ್‌ಎ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಸೇರಿ 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯ ಪ್ರಕಾರ, ಕ್ರಾಪ್ ಮಾಡುವುದನ್ನು ಬಿಟ್ಟರೆ ಚಿತ್ರದೊಳಗಿನ ಯಾವ ವಸ್ತುವನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಬದಲಿಸುವಂತಿಲ್ಲ, ತೆಗೆಯುವಂತಿಲ್ಲ. ನಮ್ಮ ರಾಜ್ಯದ ಸಂಘಗಳು ಫಿಯಾಪ್ ಮಾನ್ಯತೆಯಡಿ ನಡೆಸುವ ಸ್ಪರ್ಧೆಗಳ ನಿಸರ್ಗ ವಿಭಾಗಕ್ಕೂ ಇದೇ ಅಳತೆ. ಅನುಮಾನ ಬಂದಲ್ಲಿ ರಾ ಫೈಲ್ ಕೇಳುವ ಪದ್ಧತಿಯೂ ಇದೆ. ಆದರೆ ರಾ ಫೈಲ್ ಎಡಿಟಿಂಗಿನ ಕಥೆಯನ್ನಷ್ಟೇ ಹೇಳಬಲ್ಲದು, ಬಯಲಿನಲ್ಲಿ ಏನು ನಡೆಯಿತೆಂಬುದನ್ನು ಹೇಳಲಾರದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 2017ರ ಸ್ಪರ್ಧೆಯಲ್ಲಿ ಬಹುಮಾನ ಕೊಟ್ಟಿದ್ದ ಇರುವೆಭಕ್ಷಕದ ಚಿತ್ರವೊಂದನ್ನು ಮರುವರ್ಷ ಅನರ್ಹಗೊಳಿಸಿತು. ಚಿತ್ರದಲ್ಲಿದ್ದದ್ದು ಜೀವಂತ ಪ್ರಾಣಿಯಲ್ಲ, ಹೊಟ್ಟು ತುಂಬಿದ ದೇಹವೆಂದು ತಜ್ಞರು ತೀರ್ಮಾನಿಸಿದ್ದರು. ಛಾಯಾಗ್ರಾಹಕರು ಅದನ್ನು ಒಪ್ಪಲಿಲ್ಲ.

ನಮ್ಮಲ್ಲಿ ಬಯಲಿನಲ್ಲಿ ನಡೆಯುವುದು ನನಗೆ ಎಡಿಟಿಂಗಿಗಿಂತ ಹೆಚ್ಚು ಆತಂಕದ ವಿಷಯ. ರಾತ್ರಿ ಜೀಪಿನಲ್ಲೋ ಬೈಕಿನಲ್ಲೋ ಹೊರಟು ಪ್ರಖರವಾದ ಟಾರ್ಚನ್ನು ನೇರವಾಗಿ ಕಣ್ಣಿಗೆ ಬಿಟ್ಟರೆ ಮೊಲ ಕದಲದೆ ನಿಂತುಬಿಡುತ್ತದೆ. ಬೇಟೆಗಾರರಿಗೆ ಇದು ಹಳೆಯ ವಿದ್ಯೆ, ಈಗ ಕೆಲವು ಛಾಯಾಗ್ರಾಹಕರಿಗೂ ಕರಗತವಾಗಿದೆ. ಇನ್ನು ಹುಲ್ಲಿನಲ್ಲಿ ಒಂಟಿಯಾಗಿ ಕೂತ ಮರಿಯನ್ನು ಅನಾಥವೆಂದು ಬಗೆದು ಅಂಗೈಯಲ್ಲಿಟ್ಟು ತೆಗೆಯುವ ಚಿತ್ರಗಳು. ಕಾಡುಮೊಲದ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ವೈರಿಗಳ ಗಮನ ಮರಿಯತ್ತ ಹರಿಯದಿರಲೆಂದು ತಾಯಿ ದಿನದ ಬಹುಪಾಲು ದೂರವೇ ಇದ್ದು, ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. ಆ ಮರಿಯನ್ನು ಎತ್ತಿಕೊಂಡು ಹೋಗುವುದು ರಕ್ಷಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಂದರೆ ಮಾತ್ರ ಬೇಟೆ ಎನ್ನುವುದಿಲ್ಲ. ಹಿಡಿಯುವುದು, ಅಟ್ಟುವುದು, ಆಮಿಷವೊಡ್ಡುವುದು, ಅದಕ್ಕಾಗಿ ಪ್ರಯತ್ನಿಸುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತವೆ. ಓಡುವ ಮೊಲದ ಚಿತ್ರ ಬೇಕೆಂದು ಪೊದೆಗೆ ಕಲ್ಲು ಹೊಡೆಸುವವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ನಸುಕಿನಲ್ಲಿ ವಾಹನ ನಿಲ್ಲಿಸಿ ಅದರೊಳಗೇ ಕೂತರೂ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಕಾದರೂ ಈ ಯಾವ ಹಿಂಸೆಯೂ ಇಲ್ಲದೆ ಮೊಲ ಸಿಗುತ್ತದೆ. ತಲೆಯ ಎರಡು ಬದಿಗೆ ಕಣ್ಣಿರುವ ಪ್ರಾಣಿ ನಮ್ಮನ್ನು ಯಾವಾಗಲೋ ನೋಡಿರುತ್ತದೆ. ಅದು ಕಿವಿಗಳನ್ನು ಬೆನ್ನಿಗೆ ಅಂಟಿಸಿ ನೆಲಕ್ಕೆ ಕುಸಿದರೆ ಹೆದರಿದೆಯೆಂದು ಅರ್ಥ, ಅಲ್ಲಿಗೆ ನಿಲ್ಲಿಸಬೇಕು.

ಇತ್ತೀಚೆಗೆ ಲೇಖನಗಳ ಜೊತೆ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಮೊಲಗಳೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಕುರುಚಲು ಕಾಡಿನ ಬರಹಕ್ಕೆ ಯುರೋಪಿನ ಬಿಲಮೊಲವನ್ನು ಹೋಲುವ, ಕುಳ್ಳ ಕಿವಿಯ ಪ್ರಾಣಿಯನ್ನು ಹಾಕಿದರೆ ಅದನ್ನು ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸಿಕೊಳ್ಳುವ ಶಾಲಾಮಕ್ಕಳು ಅದನ್ನೇ ನಮ್ಮ ಕಾಡುಮೊಲವೆಂದು ನಂಬುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವನ್ಯಜೀವಿ ಪುಟದ ಪ್ರತಿ ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರಿನ ಜೊತೆಗೆ, ಚಿತ್ರ ಜೋಡಣೆಯದೋ ಅಲ್ಲವೋ, ಏನನ್ನಾದರೂ ಅಳಿಸಲಾಗಿದೆಯೋ ಎಂಬ ಒಂದು ಸಾಲು ಇರಲಿ. ಜೋಡಣೆಯ ಚಿತ್ರಗಳಿಗೆ ಕಲಾಪುಟದಲ್ಲಿ ಧಾರಾಳವಾಗಿ ಜಾಗ ಕೊಡಿ. ಕೈಯಲ್ಲಿ ಹಿಡಿದ ಮರಿಗಳ ಚಿತ್ರವನ್ನೂ ಟಾರ್ಚಿನ ಬೆಳಕಿನಲ್ಲಿ ಬೆದರಿ ನಿಂತ ಪ್ರಾಣಿಗಳ ಚಿತ್ರವನ್ನೂ, ಅವು ಎಷ್ಟೇ ಚೆಂದವಿದ್ದರೂ, ಹಿಂದಿರುಗಿಸಿ. ಓದುಗರಿಗಾಗಿ ನೀವು ನಡೆಸುವ ಛಾಯಾಚಿತ್ರ ಸ್ಪರ್ಧೆಯ ಮುಂದಿನ ಪ್ರಕಟಣೆಯಲ್ಲೇ ಈ ಷರತ್ತುಗಳನ್ನು ಸೇರಿಸಿ, ಅಂತಿಮ ಸುತ್ತಿಗೆ ಬಂದವರಿಂದ ರಾ ಫೈಲ್ ತರಿಸಿಕೊಳ್ಳುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

ಇತಿ,
ಹವ್ಯಾಸಿ ಛಾಯಾಗ್ರಾಹಕ,
ತುಮಕೂರು ಜಿಲ್ಲೆ