ಲ್ಯಾಪ್‌ಲ್ಯಾಂಡ್ ಕಾರು ಪ್ರವಾಸ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಫೆಬ್ರುವರಿ 14, ಶನಿವಾರ ಬೆಳಿಗ್ಗೆ 9ಕ್ಕೆ ಉತ್ತರ ಫಿನ್ಲೆಂಡಿನ ರೊವಾನಿಯೆಮಿಯಿಂದ ಹೊರಡುತ್ತೇವೆ. ಇ75 ಹೆದ್ದಾರಿಯಲ್ಲಿ ಸೊಡಾಂಕ್ಯುಲಾ ದಾಟಿ ಸಾರಿಸೆಲ್ಕಾಗೆ ಸುಮಾರು 260 ಕಿ.ಮೀ. ಅಲ್ಲಿ ಎರಡು ರಾತ್ರಿ ಗಾಜಿನ ಚಾವಣಿಯ ಕೋಣೆ, ಸೌನಾ (ಬಿಸಿ ಹಬೆಯ ಸ್ನಾನದ ಕೋಣೆ) ಎಲ್ಲಾ ಇದೆ. ಮೋಡ ಇಲ್ಲದಿದ್ದರೆ ಮಲಗಿದಲ್ಲಿಂದಲೇ ಅರೋರಾ, ಅಂದರೆ ರಾತ್ರಿ ಆಕಾಶದ ಬಣ್ಣದ ಬೆಳಕು, ನೋಡಬಹುದು. ಎಷ್ಟು ದುಡ್ಡು ಕೊಟ್ಟರೂ ಅದಕ್ಕೆ ಗ್ಯಾರಂಟಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ!

ಕಾರು ಓಡಿಸುವವರು ಗಮನಿಸಿ. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಚಳಿಗಾಲದ ಟೈರು, ಎಂಜಿನ್ ಹೀಟರಿನ ವೈರು ಎರಡೂ ಇವೆಯಾ ನೋಡಿಕೊಳ್ಳಿ. ಚಳಿ ಮೈನಸ್ 30ಕ್ಕೂ ಇಳಿಯಬಹುದು. ರಾತ್ರಿ ಆ ವೈರನ್ನು ಪಾರ್ಕಿಂಗ್ ಕಂಬದ ಪ್ಲಗ್ಗಿಗೆ ಹಾಕಿ ಟೈಮರ್ ಇಟ್ಟರೆ ಬೆಳಿಗ್ಗೆ ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಹೊರಡುವಾಗ ವೈರು ತೆಗೆಯುವುದು ಮರೆಯಬೇಡಿ.

ಹಿಮಸಾರಂಗಗಳು ರಸ್ತೆ ಮಧ್ಯೆಯೇ ಬರುತ್ತವೆ, ಹಾರ್ನಿಗೆಲ್ಲ ಜಗ್ಗುವುದಿಲ್ಲ. ಒಂದು ಕಂಡರೆ ಹಿಂದೆ ಇನ್ನೂ ಇರುತ್ತವೆ ಅಂತಲೇ ಇಟ್ಟುಕೊಳ್ಳಿ. ಗುದ್ದಿದರೆ ಸುಮ್ನೆ ಹೋಗುವಂತಿಲ್ಲ, ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಲೇಬೇಕು. ಊರುಗಳು ದೂರ ದೂರ, ಟ್ಯಾಂಕ್ ಅರ್ಧವಾದಾಗಲೇ ತುಂಬಿಸಿ.

ಉಣ್ಣೆಯ ಒಳಉಡುಪು ತನ್ನಿ, ಜೀನ್ಸ್ ಸಾಲದು. ಚಟ್ನಿಪುಡಿ ತರುವವರಿಗೆ ಮುಂದಿನ ಸೀಟು!

ಯಾರ ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ, ಯಾರ್‍ಯಾರು ಸಸ್ಯಾಹಾರಿಗಳು, ಜನವರಿ 30ರೊಳಗೆ ಇಲ್ಲೇ ತಿಳಿಸಿ.